ಅಥಣಿಯ ಸಪ್ಪಳ ಕೇಳಿದ್ದೀರಾ?

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಚಿಕ್ಕೋಡಿ, ರಾಯಬಾಗದ ಮನೆಗಳಿಗೆ ಹಾಡು, ನಾಟಕ, ರೂಪಕ ತಂದ ಕೇಂದ್ರ ಅದು. ನಿಪ್ಪಾಣಿ, ಕಾಗವಾಡದ ಕಡೆ ಸಾಂಗಲಿಯ ಮರಾಠಿ ಕೇಂದ್ರವೂ ಕೇಳಿಸುತ್ತದೆ.

ನಿಜ ದನಿಗಳಿಂದಲೇ ಕಟ್ಟುವ ರೇಡಿಯೊ ಸಾಕ್ಷ್ಯರೂಪಕಕ್ಕೆ ಚಿತ್ರ ಬೇಡ, ಸಪ್ಪಳ ಸಾಕು. ಅಥಣಿಯ ಚಪ್ಪಲಿಯನ್ನೇ ತಗೊಳ್ಳಿ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ತೊಗಲು, ಅದರ ಮೇಲೆ ಬೀಳುವ ಪೆಟ್ಟು, ಪಟ್ಟಿ ಹೆಣೆಯುವ ಹೆಂಗಸರ ಮಾತು. ಹೊಸ ಜೋಡು ಮೆಟ್ಟಿ ನಡೆದರೆ ಕರ್ ಕರ್! ಕ್ಯಾಮೆರಾಕ್ಕಿಂತ ಮೈಕ್ ಇದನ್ನು ಚೆನ್ನಾಗಿ ಹಿಡಿಯುತ್ತದೆ. ಇದೂ ಕೊಲ್ಹಾಪುರಿ ಚಪ್ಪಲಿಯೇ; 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಅಥಣಿ ಇರುವ ಬೆಳಗಾವಿ ಜಿಲ್ಲೆಯೂ ಸೇರಿದೆ.

ಸಾಕ್ಷ್ಯರೂಪಕಕ್ಕೆ ಇನ್ನೊಂದು ವಸ್ತು ಜನಪದ ರಂಗಕಲೆ. ಶ್ರೀಕೃಷ್ಣ ಪಾರಿಜಾತ ಆಟದ ಹಿರಿಯ ಕಲಾವಿದರು ನಿಮ್ಮೂರಲ್ಲಿದ್ದಾರೆಯೇ? ಅವರ ದನಿಯನ್ನು ಇವತ್ತೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹೆಸರು, ಊರು, ತಾರೀಕು ಅವರಿಂದಲೇ ಹೇಳಿಸಿ.