ಅಚ್ಚಿಗೆ ಪಿಒಪಿಯೋ, ಶಾಡು ಮಣ್ಣೋ?

ಅಕ್ಕಲಕೋಟ: ಗಣಪತಿ ಹಬ್ಬಕ್ಕೆ ಇನ್ನೂ ತಿಂಗಳುಗಳಿರುವಾಗಲೇ ಮೂರ್ತಿಕಾರರಿಗೆ ಒಂದೇ ಚಿಂತೆ. ಈ ಸಲ ಅಚ್ಚಿಗೆ ಏನು ಹಾಕೋಣ?

ಪಿಒಪಿ ಎಂದರೆ ಸುಟ್ಟ ಜಿಪ್ಸಂ ಪುಡಿ. ನೀರಲ್ಲಿ ಕಲಸಿ, ತೆಂಗಿನ ನಾರು ಸೇರಿಸಿ ರಬ್ಬರ್ ಅಚ್ಚಿನೊಳಗೆ ಬಳಿದರೆ ಅರ್ಧ ತಾಸಿನಲ್ಲಿ ಗಟ್ಟಿ. ಒಳಗೆ ಟೊಳ್ಳು, ಹಗುರ. ಟೆಂಪೋದಲ್ಲಿ ಕುಲುಕಿದರೂ ಸೊಂಡಿಲು ಉಳಿಯುತ್ತದೆ. ಶಾಡು ಹಾಗಲ್ಲ. ಗುಜರಾತಿನಿಂದ ಬರುವ ಈ ಮಣ್ಣು ಭಾರ. ನೆರಳಲ್ಲೇ ದಿನಗಟ್ಟಲೆ ಒಣಗಬೇಕು, ಬಿಸಿಲಿಗಿಟ್ಟರೆ ಬಿರುಕು. ಶ್ರಾವಣದ ಮಳೆ ಹಿಡಿದರಂತೂ ಆ ಗಣಪನೇ ಗತಿ! ತಮಾಷೆಯೆಂದರೆ, ಮಣ್ಣಿನ ಮೂರ್ತಿಗೂ ಅಚ್ಚು ಮಾತ್ರ ಹೆಚ್ಚಾಗಿ ಪಿಒಪಿಯದ್ದೇ. ಅದು ನೀರು ಹೀರುವುದರಿಂದ ಮಣ್ಣು ಸಲೀಸಾಗಿ ಬಿಡುತ್ತದೆ.

ನೀರಿಗೆ ಬಿಟ್ಟ ಮೇಲೆ ಲೆಕ್ಕವೇ ಬೇರೆ. ಶಾಡು ಕರಗಿ ಕೆಸರಾಗುತ್ತದೆ. ಪಿಒಪಿ ತಿಂಗಳಾದರೂ ಕೆರೆಯ ತಳದಲ್ಲಿ ಕೈಕಾಲು ಮುರಿದುಕೊಂಡು ಬಿದ್ದಿರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲೇ ಅದು ಬೇಡವೆಂದಿತ್ತು. 2025ರ ಜೂನ್‌ನಲ್ಲಿ ಮುಂಬೈ ಹೈಕೋರ್ಟ್ ಮಹಾರಾಷ್ಟ್ರದಲ್ಲಿ ತಯಾರಿಕೆಗೆ ದಾರಿ ಬಿಟ್ಟಿತಾದರೂ, ಆ ವರ್ಷ ಆರಡಿಯೊಳಗಿನ ಪಿಒಪಿ ಗಣಪನಿಗೆ ಕೃತಕ ಹೊಂಡವೇ ಗತಿಯಾಯಿತು.

ಗಡಿಯ ಮೂರ್ತಿಕಾರರಿಗೆ ಇನ್ನೊಂದು ತೊಡಕು. ಕರ್ನಾಟಕದಲ್ಲಿ ಪಿಒಪಿ ಮೂರ್ತಿಗೆ 2016ರಲ್ಲೇ ನಿಷೇಧ ಬಿದ್ದಿದೆ. ಹಾಗಾಗಿ ಆಳಂದ, ಇಂಡಿಯ ಗಿರಾಕಿಯನ್ನು ನಂಬಿದವರು ಮಣ್ಣು ಹಿಡಿಯಲೇಬೇಕು.

ಮನೆಯಲ್ಲಿ ಕೂರಿಸುವ ಒಂದಡಿ ಗಣಪನಿಗಾದರೆ ಶಾಡುವೇ ಲೇಸು. ಬಕೆಟ್‌ನಲ್ಲೇ ವಿಸರ್ಜಿಸಿ ಆ ನೀರನ್ನು ಗಿಡಕ್ಕೆ ಹಾಕಬಹುದು. ಆದರೆ 'ಮಣ್ಣಿಂದೇ ಕೊಡ್ರಿ' ಎಂದು ಬಂದವರು ರೇಟು ಕೇಳಿದ ಮೇಲೆ ಪಕ್ಕದ ಹೊಳೆಯುವ ಗಣಪನತ್ತ ಕೈ ತೋರಿಸುವುದೇ ಹೆಚ್ಚು.