ದೊಡ್ಡ ಪದ, ಒಳ್ಳೆಯ ಇಂಗ್ಲಿಷ್: ನಂಬಿಕೆ ಎಷ್ಟು, ನಿಜ ಎಷ್ಟು?

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾದಾಗ, ನೀರಿನ ಜೊತೆಗೆ ಎರಡು ಇಂಗ್ಲಿಷ್ ಮಾತುಗಳೂ ಜಿಲ್ಲೆಗೆ ಹರಿದು ಬಂದವು: ಸೆಕೆಂಡರಿ ಟ್ರೀಟ್‌ಮೆಂಟ್ ಮತ್ತು ಟರ್ಷಿಯರಿ ಟ್ರೀಟ್‌ಮೆಂಟ್. ಬರುತ್ತಿರುವುದು ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು, ಮೂರನೇ ಹಂತವೂ ಆಗಲೇಬೇಕು ಎಂಬುದು ಹೋರಾಟಗಾರರ ಬೇಡಿಕೆ. ವಿಷಯ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಆ ಹೊತ್ತಿಗೆ ‘ಟರ್ಷಿಯರಿ’ ಎಂಬ ಪದ ಕೆರೆಯ ಬಗ್ಗೆ ಮಾತಾಡುವವರೆಲ್ಲರ ಬಾಯಲ್ಲಿತ್ತು. ಎಷ್ಟೋ ಪದವೀಧರರು ಅರ್ಥ ಹೇಳಲು ತಡವರಿಸುವ ಪದ ಇದು. ಊರಿನ ಕೆರೆಯ ಪ್ರಶ್ನೆಯೊಳಗೆ ಸೇರಿಕೊಂಡಿದ್ದರಿಂದ ಯಾವ ಪುಸ್ತಕವೂ ಇಲ್ಲದೆ ಅದರ ಅರ್ಥ ಜನರಿಗೆ ತಿಳಿಯಿತು.

ಇದೇ ಜಿಲ್ಲೆಯಲ್ಲಿ ಪಿಯುಸಿ, ಡಿಗ್ರಿ ಓದುವ ಹುಡುಗ ಹುಡುಗಿಯರು ‘ಟಫ್ ವರ್ಡ್ಸ್’ ಎಂದು ಉದ್ದುದ್ದ ಪಟ್ಟಿಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಉರು ಹೊಡೆಯುತ್ತಾರೆ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಶ್ರಮವನ್ನು ಯಾವ ಕಡೆಗೆ ತಿರುಗಿಸಬೇಕು ಎಂದು ಅವರಿಗೆ ಹೇಳುವವರಲ್ಲಿ ಬಹಳ ಮಂದಿ ತಪ್ಪು ಹೇಳುತ್ತಿದ್ದಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಮತ್ತು ತರಗತಿಗಳಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಬಿಡಿಸಿ ನೋಡುವುದು ಅದಕ್ಕಾಗಿ.

ನಂಬಿಕೆ: ಕಷ್ಟದ ಪದ ಹೆಚ್ಚು ಗೊತ್ತಿದ್ದಷ್ಟೂ ಇಂಗ್ಲಿಷ್ ಮೇಲ್ಮಟ್ಟದ್ದು

ಇದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಬಳಕೆಯಲ್ಲಿರುವ ಪದಗಳೇ 1.7 ಲಕ್ಷಕ್ಕಿಂತ ಹೆಚ್ಚು. ಅಷ್ಟನ್ನೂ ಬಲ್ಲವರು ಇಂಗ್ಲೆಂಡಿನಲ್ಲೂ ಇಲ್ಲ. ಹಾಗಾದರೆ ಪ್ರಶ್ನೆ ‘ಎಷ್ಟು’ ಎಂಬುದಕ್ಕಿಂತ ‘ಯಾವುವು’ ಎಂಬುದು.

ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಕೇಳಿಕೊಂಡವರಲ್ಲಿ ಒಬ್ಬರು ನಮ್ಮ ಉಪಖಂಡದಲ್ಲೇ ಪಾಠ ಮಾಡಿದವರು. ಮೈಕೇಲ್ ವೆಸ್ಟ್ ಎಂಬ ಆಂಗ್ಲ ಶಿಕ್ಷಕರು ಆಗಿನ ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದರು. ಬಂಗಾಳಿ ಮಕ್ಕಳ ಕೈಗೆ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕಗಳಲ್ಲಿ ಹೊಸ ಪದಗಳು ದಟ್ಟೈಸಿರುವುದರಿಂದಲೇ ಮಕ್ಕಳು ಓದಲಾರದೆ ಕೈಚೆಲ್ಲುತ್ತಾರೆ ಎಂದು ಅವರು ಕಂಡುಕೊಂಡರು. ಅಲ್ಲಿಂದ ಶುರುವಾದ ಅವರ ಕೆಲಸ 1953ರಲ್ಲಿ ಸುಮಾರು 2,000 ಪದಗಳ ಪಟ್ಟಿಯಾಗಿ ಪ್ರಕಟವಾಯಿತು. ಸಾಮಾನ್ಯ ಇಂಗ್ಲಿಷ್ ಬರಹದ ಹೆಚ್ಚುಕಡಿಮೆ ಶೇಕಡಾ 80 ಭಾಗ ಆ ಪದಗಳಿಂದ ಮತ್ತು ಅವುಗಳಿಂದ ಹುಟ್ಟಿದ ರೂಪಗಳಿಂದಲೇ ಆಗಿರುತ್ತದೆ. 2000ದಲ್ಲಿ ನ್ಯೂಜಿಲೆಂಡಿನ ಏವ್ರಿಲ್ ಕಾಕ್ಸ್‌ಹೆಡ್ ಎಂಬ ಸಂಶೋಧಕಿ ಇನ್ನೊಂದು ಪಟ್ಟಿ ಕೊಟ್ಟರು. ವಿಜ್ಞಾನ, ವಾಣಿಜ್ಯ, ಕಾನೂನು, ಕಲೆ ಎಲ್ಲ ವಿಷಯಗಳ ಪಠ್ಯಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳ ಪಟ್ಟಿ ಅದು. ಕಾಲೇಜು ಮಟ್ಟದ ಬರಹದಲ್ಲಿ ಸುಮಾರು ಶೇಕಡಾ 10 ಭಾಗ ಅವೇ.

ಆ 570ರಲ್ಲಿ ಏನಿವೆ? ಅಸ್ಯೂಮ್, ಡಿರೈವ್, ಅನಲೈಸ್, ಎವಿಡೆನ್ಸ್, ಸಿಗ್ನಿಫಿಕೆಂಟ್, ಇಂಟರ್‌ಪ್ರಿಟ್. ಒಂದಾದರೂ ಠಸ್ಸುಪುಸ್ಸು ಪದವಿಲ್ಲ. ಆದರೆ ಭೌತಶಾಸ್ತ್ರದ ಪ್ರಶ್ನೆಯಲ್ಲಿ ‘ಅಸ್ಯೂಮ್’ ಎಂದಿದ್ದರೆ ಏನನ್ನು ಮೊದಲೇ ಒಪ್ಪಿಕೊಂಡು ಲೆಕ್ಕ ಶುರುಮಾಡಬೇಕು ಎಂದು ತಿಳಿಯದ ವಿದ್ಯಾರ್ಥಿ, ಲೆಕ್ಕ ಗೊತ್ತಿದ್ದೂ ಅಂಕ ಕಳೆದುಕೊಳ್ಳುತ್ತಾನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ವಿಜ್ಞಾನಕ್ಕೆ ಸೇರಿದ ಮಗು ಮೊದಲ ಆರು ತಿಂಗಳು ತತ್ತರಿಸುವುದು ಇಂಥ ಪದಗಳಿಂದ. ‘ಸೆಸ್ಕ್ವಿಪಿಡೇಲಿಯನ್’ ಎಂಬಂಥದ್ದು ಗೊತ್ತಿಲ್ಲದೆ ಯಾರೂ ಫೇಲಾಗಿಲ್ಲ. ಪಟ್ಟಿ ಮಾರುವವರು ಮಾತ್ರ ಇದನ್ನೇ ಮೊದಲ ಪುಟದಲ್ಲಿ ಅಚ್ಚು ಹಾಕುತ್ತಾರೆ, ಏಕೆಂದರೆ ನೋಡಿದ ತಕ್ಷಣ ಬೆರಗಾಗುವುದು ಅದಕ್ಕೇ.

ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರು ಇಲ್ಲೊಂದು ಮಾತು ಎತ್ತುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಕೇಂದ್ರದ ಎಸ್‌ಎಸ್‌ಸಿ ಪರೀಕ್ಷೆಗಳಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ, ‘ಒಂದೇ ಪದದಲ್ಲಿ ಹೇಳಿ’ ಎಂಬ ಪ್ರಶ್ನೆಗಳು ಇವತ್ತಿಗೂ ಬರುತ್ತವೆ. ಅವುಗಳಿಗೆ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ತಯಾರಾಗಲೇಬೇಕು. ಆದರೆ ಎಲ್ಲ ಪರೀಕ್ಷೆಗಳೂ ಹಾಗಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೋಗುವವರು ಬರೆಯುವ ಜಿಆರ್‌ಇ 2011ರಲ್ಲೇ ಬಿಡಿ ವಿರುದ್ಧಪದದ ಪ್ರಶ್ನೆಗಳನ್ನು ಕೈಬಿಟ್ಟು, ವಾಕ್ಯದೊಳಗೆ ಪದ ಹೇಗೆ ಕೂರುತ್ತದೆ ಎಂಬುದರ ಕಡೆ ತಿರುಗಿತು.

ನಂಬಿಕೆ: ಅರ್ಥ ಗೊತ್ತಾದರೆ ಪದ ಬಂದಂತೆ

ಕೋಲಾರದವರು ಇದನ್ನು ನಂಬಬಾರದು. ‘ಅವಸರ’ ಎಂದರೆ ಕನ್ನಡದಲ್ಲಿ ಆತುರ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ತೆಲುಗಿನವರು ‘ಅವಸರಂ’ ಎಂದರೆ ಅಗತ್ಯ. ಕೆಜಿಎಫ್‌ನ ತಮಿಳರ ಬಾಯಲ್ಲಿ ಅದು ಮತ್ತೆ ಆತುರವೇ. ಹಿಂದಿಯಲ್ಲಿ ‘ಅವಸರ್’ ಅಂದರೆ ಅವಕಾಶ. ಈ ಗಡಿ ಜಿಲ್ಲೆಯ ಜನ ಯಾರ ಜೊತೆ ಮಾತಾಡುತ್ತಿದ್ದೇವೆ, ಯಾವ ವಿಷಯ ಎಂದು ನೋಡಿಕೊಂಡು ಅರ್ಥವನ್ನು ಸರಿಯಾಗಿ ಹಿಡಿಯುತ್ತಾರೆ. ಇದೇ ಜಾಣತನ ಇಂಗ್ಲಿಷ್ ಪದದ ಮುಂದೆ ಕೂತಾಗ ಎಲ್ಲಿ ಹೋಗುತ್ತದೋ.

‘ರೀಫ್’ ಎಂದರೆ ಏನು ಎಂದು ಪಟ್ಟಿ ನೋಡಿದರೆ ಸಮುದ್ರದೊಳಗಿನ ಬಂಡೆಸಾಲು, ಹವಳದ ದಿಬ್ಬ ಎಂದಿರುತ್ತದೆ. ಸಮುದ್ರವೇ ಇಲ್ಲದ ನಮ್ಮ ಕೆಜಿಎಫ್ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಎಂಬ ಹೆಸರು ಹೇಗೆ ಬಂತು? ಗಣಿಯವರ ಮಾತಿನಲ್ಲಿ ರೀಫ್ ಎಂದರೆ ಚಿನ್ನದ ಅದಿರು ಇರುವ ಕಲ್ಲಿನ ಪದರ. ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಗಣಿ ಶುರುಮಾಡಿದಾಗಿನಿಂದ 2001ರಲ್ಲಿ ಗಣಿಯ ಬಾಗಿಲು ಮುಚ್ಚುವವರೆಗೆ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬಂದ ಕಾರ್ಮಿಕರು ರೀಫ್, ಶಾಫ್ಟ್, ಲೆವೆಲ್ ಎಂಬ ಪದಗಳನ್ನು ಈ ಅರ್ಥದಲ್ಲೇ ಬಳಸಿದರು. ನಿಘಂಟಿನ ಮೊದಲ ಅರ್ಥವನ್ನಷ್ಟೇ ಬಾಯಿಪಾಠ ಮಾಡಿದವನಿಗಿಂತ ಆ ಕಾರ್ಮಿಕನಿಗೆ ಆ ಪದ ಹೆಚ್ಚು ಆಳವಾಗಿ ಗೊತ್ತಿತ್ತು.

ಸಮಾನಾರ್ಥಕಗಳ ವಿಷಯದಲ್ಲಿ ಹಾನಿ ಇನ್ನೂ ಹೆಚ್ಚು. ‘ಫೇಮಸ್’ ಬದಲು ‘ನೊಟೋರಿಯಸ್’ ಎಂದು ಬರೆದರೆ ಬರಹ ಮೇಲೇರುತ್ತದೆ ಎಂದುಕೊಂಡವರು, ಕುರುಡುಮಲೆಯ ಗಣಪ ‘ನೊಟೋರಿಯಸ್’ ಎಂದು ಬರೆದರೆ ದೇವರಿಗೆ ಕುಖ್ಯಾತಿ ಅಂಟಿಸಿದಂತಾಗುತ್ತದೆ. ‘ಚೈಲ್ಡ್‌ಲೈಕ್’ ಎಂದರೆ ಮಗುವಿನಂಥ ಮುಗ್ಧತೆಯ ಹೊಗಳಿಕೆ, ‘ಚೈಲ್ಡಿಶ್’ ಎಂದರೆ ಹುಡುಗಾಟಿಕೆ ಎಂಬ ಬೈಗುಳ. ಪಟ್ಟಿಯಲ್ಲಿ ಎರಡೂ ಪಕ್ಕಪಕ್ಕ ಕೂತಿರುತ್ತವೆ. ಚಹಾ ಗಟ್ಟಿಯಾಗಿದ್ದರೆ ಇಂಗ್ಲಿಷಿನವರು ‘ಸ್ಟ್ರಾಂಗ್’ ಎನ್ನುತ್ತಾರೆ, ‘ಪವರ್‌ಫುಲ್’ ಎನ್ನುವುದಿಲ್ಲ. ಯಾವ ಪದ ಯಾವ ಪದದ ಜೊತೆ ನಡೆಯುತ್ತದೆ ಎಂಬುದು ಓದಿ, ಕೇಳಿ ಬರಬೇಕಾದದ್ದು.

ನಂಬಿಕೆ: ಮೂಲಧಾತು ಗೊತ್ತಿದ್ದರೆ ಯಾವ ಪದವನ್ನಾದರೂ ಒಡೆದು ಅರ್ಥ ಮಾಡಿಕೊಳ್ಳಬಹುದು

ಬಹಳಷ್ಟು ಸಲ ನಿಜ. 1949ರಲ್ಲಿ ಬಂದ ನಾರ್ಮನ್ ಲೂಯಿಸ್ ಅವರ ‘ವರ್ಡ್ ಪವರ್ ಮೇಡ್ ಈಸಿ’ ಈ ದಾರಿಯಲ್ಲೇ ಲಕ್ಷಾಂತರ ಜನರಿಗೆ ನೆರವಾಗಿದೆ, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ‘ಇನ್’ ಮುಂದೆ ಬಂದರೆ ‘ಅಲ್ಲ’ ಎಂಬ ಅರ್ಥ ಎಂದು ಕಲಿತ ಹುಡುಗ ಮಾಲೂರಿನ ಅಥವಾ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿ, ಡ್ರಮ್ಮಿನ ಮೇಲೆ ‘ಇನ್‌ಫ್ಲ್ಯಾಮಬಲ್’ ಎಂದು ಓದಿದ ಎಂದುಕೊಳ್ಳಿ. ಬೆಂಕಿ ಹತ್ತದ ವಸ್ತು ಎಂದು ತಿಳಿದರೆ ಜೀವಕ್ಕೇ ಕುತ್ತು. ‘ಫ್ಲ್ಯಾಮಬಲ್’, ‘ಇನ್‌ಫ್ಲ್ಯಾಮಬಲ್’ ಎರಡರ ಅರ್ಥವೂ ಒಂದೇ, ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವಂಥದ್ದು. ಈ ಗೊಂದಲ ಇಂಗ್ಲಿಷ್ ಮಾತೃಭಾಷೆಯವರಿಗೂ ಆಗುತ್ತಿದ್ದುದರಿಂದಲೇ ಈಗ ಎಚ್ಚರಿಕೆಯ ಫಲಕಗಳಲ್ಲಿ ‘ಫ್ಲ್ಯಾಮಬಲ್’ ಎಂದೇ ಬರೆಯುವ ರೂಢಿ ಬಂದಿದೆ.

ನಂಬಿಕೆ: ದಿನಕ್ಕೆ ಐವತ್ತು ಪದ ಉರು ಹೊಡೆದರೆ ವರ್ಷದಲ್ಲಿ ಪಂಡಿತರಾಗಬಹುದು

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ್ದು ಇದನ್ನೇ: ಅರ್ಥದ ಹಂಗಿಲ್ಲದೆ ಬಾಯಿಪಾಠ ಮಾಡಿದ್ದು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿ ಮರೆತುಹೋಗುತ್ತದೆ. ಆಮೇಲೆ ಮರೆವಿನ ವೇಗ ಇಳಿಯುತ್ತದೆ. ಹಾಗಾದರೂ ಉರು ಹೊಡೆಯುವವರಿಗೆ ‘ನನಗೆ ಬರುತ್ತಿದೆ’ ಎಂದು ಏಕೆ ಅನ್ನಿಸುತ್ತದೆ? ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿಸಿಕೊಂಡು ಬರೆದವರು ಅವರನ್ನು ಹಿಂದೆ ಹಾಕಿದ್ದರು. ಆ ಐದು ನಿಮಿಷದ ಗೆಲುವೇ ನಮ್ಮನ್ನು ಮೋಸಗೊಳಿಸುವುದು.

ಹೀಗಾಗಿ ದಿನಕ್ಕೆ ಐದಾರು ಪದ ಸಾಕು. ಆದರೆ ಪ್ರತಿ ಪದವೂ ತಾನು ಬಂದ ಪೂರ್ತಿ ವಾಕ್ಯದ ಜೊತೆ ನೋಟ್‌ಬುಕ್ಕಿಗೆ ಬರಬೇಕು. ಪಕ್ಕದಲ್ಲಿ ಕನ್ನಡದ ಅರ್ಥ, ಕೆಳಗೆ ನಿಮ್ಮದೇ ಒಂದು ವಾಕ್ಯ. ಆ ವಾಕ್ಯ ನಿಮ್ಮ ಊರಿನ ಬಗ್ಗೆ ಇರಲಿ: ಬೋರ್‌ವೆಲ್, ಟೊಮೆಟೊ ಧಾರಣೆ, ಬಂಗಾರಪೇಟೆಯಿಂದ ಮಾಲೂರಿನ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು, ಏನಾದರೂ. ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ಅರ್ಥ ಮುಚ್ಚಿ ನೆನಪಿಸಿಕೊಳ್ಳಿ. ಬಾರದ್ದಕ್ಕೆ ಮತ್ತೆ ಮೊದಲಿನಿಂದ.

ನಂಬಿಕೆ: ಕನ್ನಡ ಮಾಧ್ಯಮದವರಿಗೆ, ಹಳ್ಳಿಯವರಿಗೆ ಈ ಮಟ್ಟದ ಇಂಗ್ಲಿಷ್ ಎಟುಕದು

ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ, ಅದರಲ್ಲೂ ಮುಳಬಾಗಿಲು, ಮಾಲೂರಿನಲ್ಲಿ ಕೇಳಿದಾಗ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ, ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಅವರು ಬೆಂಗಳೂರಿಗೆ ಹೋಗಿ ಪತ್ರಕರ್ತರಾದರು, ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಕಟ್ಟಿ ನಡೆಸಿದರು, ಸಂಸ್ಥಾನದ ಆಡಳಿತ, ರಾಜ್ಯಾಂಗದ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಚರ್ಚಿಸಿದರು. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಕನ್ನಡಕ್ಕೆ ತಂದರು. ಅದೇ ಮನುಷ್ಯ ‘ಮಂಕುತಿಮ್ಮನ ಕಗ್ಗ’ವನ್ನೂ ಬರೆದರು. ಇಂಗ್ಲಿಷಿನ ಆಳ ಅವರ ಕನ್ನಡವನ್ನು ತಿನ್ನಲಿಲ್ಲ, ಕನ್ನಡ ಅವರ ಇಂಗ್ಲಿಷಿಗೆ ಅಡ್ಡ ನಿಲ್ಲಲಿಲ್ಲ.

ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಮಾಡಿದರು, ಮೈಸೂರು ಸಂಸ್ಥಾನದ ನಾಗರಿಕ ಸೇವೆಯಲ್ಲಿ ದೊಡ್ಡ ಹುದ್ದೆಗಳಿಗೇರಿದರು. ಬರೆಯಲು ಆರಿಸಿಕೊಂಡದ್ದು ಕನ್ನಡ, ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಬಂತು. ಅಷ್ಟು ಇಂಗ್ಲಿಷ್ ಓದಿದವರ ಕಥೆಗಳಲ್ಲಿ ಕಷ್ಟದ ಪದವೊಂದನ್ನು ಹುಡುಕಿ ನೋಡಿ, ಸುಲಭಕ್ಕೆ ಸಿಗುವುದಿಲ್ಲ. ಭಾಷೆ ನಿಜವಾಗಿ ಕೈವಶವಾದವರು ಬರೆಯುವುದು ಹೀಗೆ.

ಇವರಿಬ್ಬರೂ ಅಸಾಧಾರಣರು, ಎಲ್ಲರನ್ನೂ ಅವರ ಅಳತೆಯಲ್ಲಿ ತೂಗಬೇಕಿಲ್ಲ ಎನ್ನಬಹುದು. ಒಪ್ಪುತ್ತೇನೆ. ಆದರೆ ಒಂದು ವಿಷಯದಲ್ಲಿ ಇಲ್ಲಿನ ಸಾಮಾನ್ಯ ಮಗುವೂ ಅವರಂತೆಯೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ತಮಿಳು ಕೇಳಿಕೊಂಡು ಬೆಳೆಯುವ ಮಗು ಒಂದೇ ವಸ್ತುವಿಗೆ ಹಲವು ಹೆಸರು ಇರುವುದನ್ನು ಹುಟ್ಟಿನಿಂದ ಬಲ್ಲದು. ಹೊಸ ಪದ ಅದಕ್ಕೆ ಹೊಸ ಅನುಭವವಲ್ಲ. ಇನ್ನು ಕನ್ನಡದಲ್ಲಿ ‘ಪುರಾವೆ’, ‘ಊಹೆ’, ‘ಪರಿಣಾಮ’ ಎಂಬ ಪರಿಕಲ್ಪನೆಗಳು ಗಟ್ಟಿಯಾಗಿದ್ದರೆ ಎವಿಡೆನ್ಸ್, ಅಸಂಪ್ಷನ್, ಎಫೆಕ್ಟ್ ಎಂಬವು ಬರೀ ಹೊಸ ಹೆಸರುಗಳಷ್ಟೇ. ಪರಿಕಲ್ಪನೆಯೇ ಇಲ್ಲದ ಮಗು ಪದವನ್ನೂ ಕಲಿಯಬೇಕು, ಅದರ ಹಿಂದಿನ ವಿಚಾರವನ್ನೂ ಕಲಿಯಬೇಕು. ಇಂಗ್ಲಿಷ್ ಬರಲಿ ಎಂದು ಮನೆಯಲ್ಲಿ ಕನ್ನಡ, ತೆಲುಗಿನ ಓದನ್ನು ನಿಲ್ಲಿಸುವ ತಂದೆತಾಯಿ ಮಗುವಿನ ಭಾರವನ್ನು ಎರಡು ಪಟ್ಟು ಮಾಡುತ್ತಿದ್ದಾರೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಪಾಠವಿದೆ. ಹತ್ತು ವರ್ಷ ಕಲಿತೂ ಒಂದು ಅರ್ಜಿ ಬರೆಯಲು ಹೆದರುವ ಮಕ್ಕಳಿದ್ದರೆ, ಕೊರತೆ ಇರುವುದು ದೊಡ್ಡ ಪದಗಳದ್ದಲ್ಲ, ಓದಿನದ್ದು. ಇಂಗ್ಲಿಷ್ ಮೇಷ್ಟ್ರುಗಳಲ್ಲಿ, ಲೆಕ್ಚರರ್‌ಗಳಲ್ಲಿ ನನ್ನ ವಿನಂತಿ ಇಷ್ಟು: ಸರಳ ಪದದಲ್ಲಿ ಸರಿಯಾಗಿ ಬರೆದ ಉತ್ತರಕ್ಕೆ ಪೂರ್ಣ ಅಂಕ ಕೊಡಿ, ಪ್ರಬಂಧದಲ್ಲಿ ತುರುಕಿದ ಅಲಂಕಾರದ ಪದಕ್ಕೆ ಕೆಂಪು ಗೆರೆ ಎಳೆಯಿರಿ. ವಾರಕ್ಕೊಮ್ಮೆ ಇಂಗ್ಲಿಷ್ ಪತ್ರಿಕೆಯಲ್ಲಿ ನಮ್ಮ ಜಿಲ್ಲೆಯ ಬಗ್ಗೆ ಬಂದ ಒಂದು ಸುದ್ದಿಯನ್ನು ತರಗತಿಯಲ್ಲಿ ಎಲ್ಲರೂ ಸೇರಿ ಓದುವಂತೆ ಮಾಡಿ. ಮಕ್ಕಳು ಅದರಲ್ಲಿ ತಮಗೆ ತಿಳಿಯದ ಪದಗಳನ್ನು ತಾವೇ ಆರಿಸಿಕೊಳ್ಳಲಿ.