ಬ್ಯಾಂಕ್ ನೌಕರಿ: ಅಪ್ಪನ ದಾರಿ ಬೇರೆ, ಮಗಳ ದಾರಿ ಬೇರೆ

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಹುಡುಗ ಬಿ.ಕಾಂ. ಮುಗಿಸಿದನೆಂದರೆ ನೆಂಟರಿಷ್ಟರು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಯಾವ ಬ್ಯಾಂಕಿಗೆ ಅರ್ಜಿ ಹಾಕಿದ್ದೀಯ?’ ಎಂಬುದು. ಹಾಗೆ ಕೇಳಲು ಕಾರಣವಿತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಹುಟ್ಟುವಾಗ ಇವುಗಳಲ್ಲಿ ಕೆಲವಕ್ಕೆ ಬೇರೆ ಹೆಸರುಗಳಿದ್ದವು ಎಂಬುದು ಬಿಟ್ಟರೆ, ಒಂದೇ ಜಿಲ್ಲೆಯ ನೀರು ಕುಡಿದು ಬೆಳೆದ ಬ್ಯಾಂಕುಗಳು ಇವೆಲ್ಲ. ಬೀದಿಗೊಂದು ಶಾಖೆ, ಮನೆಗೊಬ್ಬ ನೌಕರ ಎಂಬಂತಿದ್ದ ದಿನಗಳವು. ಹಳೆ ಮೈಸೂರು ಕಡೆಯವರಿಗೆ 1913ರಲ್ಲಿ ಆರಂಭವಾದ ಮೈಸೂರು ಬ್ಯಾಂಕ್ ಇತ್ತು.

ಆ ಫಲಕಗಳಲ್ಲಿ ಹೆಚ್ಚಿನವು ಈಗ ಇಲ್ಲ. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಸೇರಿಹೋದವು. ಫಲಕ ಬದಲಾದದ್ದು ಎಲ್ಲರ ಕಣ್ಣಿಗೂ ಬಿತ್ತು. ಅದಕ್ಕಿಂತ ಮೊದಲೇ ಒಳಹೋಗುವ ಬಾಗಿಲು ಬದಲಾಗಿತ್ತು. ಅದು ಮಾತ್ರ ಎಷ್ಟೋ ಮನೆಗಳಿಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ಹಾಗಾಗಿಯೇ ಬ್ಯಾಂಕ್ ನೌಕರಿಯ ಮಾತು ಬಂದಾಗ ಅಪ್ಪ ಒಂದು ಹೇಳುತ್ತಾನೆ, ಮಗಳು ಇನ್ನೊಂದು ಹೇಳುತ್ತಾಳೆ.

ಅಪ್ಪನ ಕಾಲದಲ್ಲಿ ಇದ್ದದ್ದು ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿ. ಪತ್ರಿಕೆಯಲ್ಲಿ ಜಾಹೀರಾತು ನೋಡಿ, ಅಂಚೆಯಲ್ಲಿ ಅರ್ಜಿ ಕಳಿಸಿ, ಲಿಖಿತ ಪರೀಕ್ಷೆ ಬರೆದು, ಗುಮಾಸ್ತನ ಹುದ್ದೆಯಾದರೂ ಸಂದರ್ಶನಕ್ಕೆ ಹೋಗಿ ಕೂರಬೇಕಿತ್ತು. ಟೈಪಿಂಗ್ ಗೊತ್ತಿದ್ದರೆ ಒಳ್ಳೆಯದು ಎಂದು ಹಿರಿಯರು ಹೇಳುತ್ತಿದ್ದರು. ಆ ಮಂಡಳಿಗಳು 2001ರಲ್ಲಿ ಮುಚ್ಚಿದವು. 2011ರಿಂದ ಬಂದದ್ದು ಸಾಮಾನ್ಯ ಪರೀಕ್ಷೆ. ಮುಂಬಯಿಯಲ್ಲಿ ಕೇಂದ್ರ ಕಚೇರಿಯಿರುವ ಬ್ಯಾಂಕ್ ಸಿಬ್ಬಂದಿ ಆಯ್ಕೆ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿರುವ ಐಬಿಪಿಎಸ್, ಇದನ್ನು ನಡೆಸುತ್ತದೆ. ದೇಶದ ಹನ್ನೆರಡು ಸಾರ್ವಜನಿಕ ಬ್ಯಾಂಕುಗಳಲ್ಲಿ ಸ್ಟೇಟ್ ಬ್ಯಾಂಕ್ ಒಂದು ತನ್ನದೇ ಪರೀಕ್ಷೆ ಮಾಡುತ್ತದೆ. ಉಳಿದ ಹನ್ನೊಂದಕ್ಕೂ ಇದೊಂದೇ ಬಾಗಿಲು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನೂ ಇದೇ ಸಂಸ್ಥೆ ನಡೆಸುತ್ತದೆ. ರಾಜ್ಯದಲ್ಲಿದ್ದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾಗಿ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಕರ್ಣಾಟಕ ಬ್ಯಾಂಕಿನಂತಹ ಖಾಸಗಿ ಬ್ಯಾಂಕುಗಳ ನೇಮಕಾತಿ ಪ್ರಕಟಣೆಗಳನ್ನು ಪ್ರತ್ಯೇಕವಾಗಿ ನೋಡುತ್ತಿರಬೇಕು.

ಗುಮಾಸ್ತರ ಹುದ್ದೆಗೆ ಈಗ ಸಂದರ್ಶನವೇ ಇಲ್ಲ. ತಂದೆ ತಾಯಿಗಳು ಮೊದಲು ತಿಳಿಯಬೇಕಾದ ಸಂಗತಿ ಇದು. ‘ನಮ್ಮ ಹುಡುಗಿಗೆ ಇಂಗ್ಲಿಷಿನಲ್ಲಿ ಮಾತನಾಡಲು ಬರುವುದಿಲ್ಲ, ಅವಳಿಗೇಕೆ ಬ್ಯಾಂಕ್’ ಎಂದು ಅರ್ಜಿಯನ್ನೇ ಹಾಕಿಸದ ಮನೆಗಳಿವೆ. ಯಾರನ್ನೋ ಕಂಡು ‘ಒಂದು ಮಾತು ಹೇಳಿಸೋಣ’ ಎಂದು ಓಡಾಡುವವರೂ ಇದ್ದಾರೆ. ಅಂಕ ಕೊಡುವುದು ಕಂಪ್ಯೂಟರು. ಅದಕ್ಕೆ ಯಾರ ಮಾತೂ ಕೇಳಿಸುವುದಿಲ್ಲ.

ಯಾವುದೇ ವಿಷಯದ ಪದವಿ, ಇಪ್ಪತ್ತರಿಂದ ಇಪ್ಪತ್ತೆಂಟರ ವಯಸ್ಸು, ಇವು ಗುಮಾಸ್ತರ ಹುದ್ದೆಗೆ ಬೇಕಾದ ಅರ್ಹತೆ. ಪರಿಶಿಷ್ಟರಿಗೆ ಐದು ವರ್ಷ, ಕೇಂದ್ರದ ಪಟ್ಟಿಯಲ್ಲಿರುವ ಹಿಂದುಳಿದ ವರ್ಗದವರಿಗೆ ಮೂರು ವರ್ಷ ಸಡಿಲಿಕೆ ಉಂಟು. ಅರ್ಜಿಯನ್ನು ಒಂದು ರಾಜ್ಯಕ್ಕೆ ಮಾತ್ರ ಹಾಕಬಹುದು. ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಮಾತನಾಡಲು ಬಲ್ಲವರಾಗಿರಬೇಕು ಎಂಬ ನಿಯಮವಿದೆ. ಕನ್ನಡ ಬಲ್ಲವರಿಗೆ ಇದು ಸಣ್ಣ ಅನುಕೂಲವೇನಲ್ಲ. ಪ್ರಶ್ನೆಗಳನ್ನು ಕನ್ನಡದಲ್ಲಿ ಓದುವ ಅವಕಾಶವೂ ಬಂದಿದೆ. ಗ್ರಾಮೀಣ ಬ್ಯಾಂಕುಗಳ ವಿಷಯದಲ್ಲಿ 2019ರಲ್ಲಿ, ಉಳಿದ ಬ್ಯಾಂಕುಗಳ ಗುಮಾಸ್ತರ ಹುದ್ದೆಯ ವಿಷಯದಲ್ಲಿ 2021ರಲ್ಲಿ ಕೇಂದ್ರದ ಹಣಕಾಸು ಸಚಿವಾಲಯ ಇದನ್ನು ಪ್ರಕಟಿಸಿತು. ಇಂಗ್ಲಿಷ್ ವಿಭಾಗ ಮಾತ್ರ ಇಂಗ್ಲಿಷಿನಲ್ಲೇ ಇರುತ್ತದೆ.

ಪೂರ್ವಭಾವಿ ಪರೀಕ್ಷೆಯಲ್ಲಿ ನೂರು ಪ್ರಶ್ನೆ, ಒಂದು ಗಂಟೆ. ಇಂಗ್ಲಿಷಿಗೆ 30, ಲೆಕ್ಕಕ್ಕೆ 35, ತಾರ್ಕಿಕ ಸಾಮರ್ಥ್ಯಕ್ಕೆ 35. ಒಂದೊಂದು ವಿಭಾಗಕ್ಕೂ ಇಪ್ಪತ್ತೇ ನಿಮಿಷ. ಒಂದರಲ್ಲಿ ಉಳಿಸಿದ ಸಮಯವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಸರಾಸರಿ ಲೆಕ್ಕ ಹಾಕಿದರೆ ಪ್ರಶ್ನೆಯೊಂದಕ್ಕೆ ಸಿಗುವುದು 36 ಸೆಕೆಂಡು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಇಲ್ಲಿ ಎಡವುವವರಲ್ಲಿ ಕಾಲೇಜಿನಲ್ಲಿ ಒಳ್ಳೆಯ ಅಂಕ ತೆಗೆದವರೂ ಇರುತ್ತಾರೆ. ಎಸ್.ಎಸ್.ಎಲ್.ಸಿ.ಯಿಂದ ಪದವಿಯವರೆಗೆ ಅವರಿಗೆ ಹೇಳಿಕೊಟ್ಟದ್ದು ‘ಯಾವ ಪ್ರಶ್ನೆಯನ್ನೂ ಬಿಡಬೇಡ’ ಎಂದು. ಇಲ್ಲಿ ಬೇಕಾದದ್ದು ಅದಕ್ಕೆ ತದ್ವಿರುದ್ಧವಾದ ವಿದ್ಯೆ. ಪ್ರಶ್ನೆ ನೋಡಿದ ಕೂಡಲೇ ಇದು ತನ್ನದಲ್ಲ ಎಂದು ಗುರುತಿಸಿ, ಬೇಸರವಿಲ್ಲದೆ ದಾಟಿ ಹೋಗುವುದು. ದುಂಡುಮೇಜಿನ ಸುತ್ತ ಎಂಟು ಜನರನ್ನು ಕೂರಿಸುವ ಒಗಟಿನಲ್ಲಿ ಆರು ನಿಮಿಷ ಕಳೆದವನು, ಪಕ್ಕದಲ್ಲೇ ಇದ್ದ ಹತ್ತು ಸುಲಭದ ಪ್ರಶ್ನೆಗಳನ್ನು ಕಳೆದುಕೊಂಡಿರುತ್ತಾನೆ.

ಈ ಅಭ್ಯಾಸ ಪುಸ್ತಕ ಓದಿ ಬರುವಂಥದ್ದಲ್ಲ. ಗಡಿಯಾರ ಇಟ್ಟುಕೊಂಡು ಅಣಕು ಪರೀಕ್ಷೆ ಬರೆದೇ ಬರಬೇಕು. ಅಪೂರ್ಣಾಂಕವನ್ನು ಶೇಕಡಾವಾರಿಗೆ ತಿರುಗಿಸುವುದು, ಇಪ್ಪತ್ತೈದರವರೆಗೆ ವರ್ಗಗಳು, ಮಗ್ಗಿ, ಇವು ನಾಲಗೆಯ ತುದಿಯಲ್ಲಿರಬೇಕು. ಹಳೆಯ ಮಾಸ್ತರರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ ಮಗ್ಗಿ ಇಲ್ಲಿ ನಿಜಕ್ಕೂ ಅನ್ನ ಕೊಡುತ್ತದೆ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಣೆ ಹಿಡಿದು ತರಬೇತಿಗೆ ಸೇರುವುದು ಕೆಲವರಿಗೆ ಅನುಕೂಲವೇ. ಆದರೆ ಮೂರು ತಿಂಗಳು ಮನೆಯಲ್ಲೇ ಕೂತು ಹಳೆಯ ಪ್ರಶ್ನೆಗಳನ್ನು ಬಿಡಿಸಿ, ತಾನೆಲ್ಲಿ ಸೋಲುತ್ತಿದ್ದೇನೆ ಎಂದು ತಿಳಿದ ಮೇಲೆ ಶುಲ್ಕ ಕಟ್ಟುವುದು ಒಳ್ಳೆಯದು. ಪೂರ್ವಭಾವಿ ಪರೀಕ್ಷೆಯ ಅಂಕಗಳು ಮುಂದಿನ ಸುತ್ತಿಗೆ ಹೋಗಲು ಮಾತ್ರ. ಗುಮಾಸ್ತರ ಅಂತಿಮ ಆಯ್ಕೆ ನಡೆಯುವುದು ಮುಖ್ಯ ಪರೀಕ್ಷೆಯ ಅಂಕಗಳ ಮೇಲೆ.

ಸಂದರ್ಶನ ಉಳಿದಿರುವುದು ಪ್ರೊಬೇಷನರಿ ಅಧಿಕಾರಿಗಳ ಹುದ್ದೆಗೆ. ಗ್ರಾಮೀಣ ಬ್ಯಾಂಕುಗಳ ಮೊದಲ ಶ್ರೇಣಿಯ ಅಧಿಕಾರಿಗಳಿಗೂ ಉಂಟು. ಐಬಿಪಿಎಸ್‌ನ ಅಧಿಕಾರಿ ಹುದ್ದೆಗೆ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20 ಎಂಬ ಪ್ರಮಾಣದಲ್ಲಿ ಅಂಕ ಸೇರಿಸುತ್ತಾರೆ. ಸಂದರ್ಶನದಲ್ಲಿ ಸಾಮಾನ್ಯ ವರ್ಗದವರು ಕನಿಷ್ಠ ಶೇಕಡಾ 40, ಮೀಸಲು ವರ್ಗದವರು ಶೇಕಡಾ 35 ಪಡೆಯಲೇಬೇಕು. ಇಪ್ಪತ್ತು ಪಾಲು ಸಣ್ಣದೆನಿಸಬಹುದು. ಅಷ್ಟು ದೂರ ಬಂದವರ ನಡುವೆ ಲಿಖಿತ ಪರೀಕ್ಷೆಯ ಅಂತರ ಕೂದಲೆಳೆಯಷ್ಟಿರುವಾಗ, ಕೋಣೆಯೊಳಗಿನ ಆ ಹದಿನೈದು ಇಪ್ಪತ್ತು ನಿಮಿಷ ಪಟ್ಟಿಯನ್ನೇ ತಲೆಕೆಳಗು ಮಾಡಬಲ್ಲದು.

ಆ ಕೋಣೆಗೆ ಹೋಗುವವರು ಸಾಮಾನ್ಯವಾಗಿ ಓದಿಕೊಂಡು ಹೋಗುವುದು ರೆಪೊ ದರ ಎಷ್ಟು, ನಗದು ಮೀಸಲು ಅನುಪಾತ ಎಷ್ಟು, ರಿಸರ್ವ್ ಬ್ಯಾಂಕಿನ ಗವರ್ನರ್ ಯಾರು ಎಂಬುದನ್ನು. ಇವು ಬೇಕು, ನಿಜ. ಸಂದರ್ಶನದ ಹಿಂದಿನ ದಿನ ಹೊಸ ದರಗಳನ್ನು ನೋಡಿಕೊಂಡೇ ಹೋಗಬೇಕು. ಆದರೆ ಗಿಣಿಪಾಠ ಒಪ್ಪಿಸಿದ ಅಭ್ಯರ್ಥಿಗೆ ಮುಂದಿನ ಪ್ರಶ್ನೆ, ‘ರೆಪೊ ದರ ಇಳಿದರೆ ನಿಮ್ಮ ತಂದೆಯ ಮನೆ ಸಾಲದ ಕಂತು ಏನಾಗುತ್ತದೆ?’ ಎಂದು ಬಂದೀತು. ಠೇವಣಿಯ ಬಡ್ಡಿಯಿಂದ ಬದುಕುವ ಅಜ್ಜಿಗೆ ಏನಾಗುತ್ತದೆ ಎಂದೂ ಬಂದೀತು. ಅಲ್ಲಿ ಪುಸ್ತಕ ನಿಲ್ಲುತ್ತದೆ, ಮನೆಯ ಲೆಕ್ಕ ಶುರುವಾಗುತ್ತದೆ.

ಎದುರಿಗೆ ಕುಳಿತವರಲ್ಲಿ ಹೆಚ್ಚಿನವರು ಶಾಖೆಗಳಲ್ಲಿ ಸಾಲ ಕೊಟ್ಟು, ವಸೂಲಿಗೆ ಅಲೆದು ಮೇಲೆ ಬಂದವರು. ಅಭ್ಯರ್ಥಿಯ ಅರ್ಜಿ ಅವರ ಕೈಯಲ್ಲಿರುತ್ತದೆ. ಊರಿನ ಹೆಸರು ಅದರಲ್ಲಿರುತ್ತದೆ. ಉದಾಹರಣೆಗೆ, ಬ್ಯಾಡಗಿಯ ಹುಡುಗನೊಬ್ಬ ಹೋದನೆಂದು ಇಟ್ಟುಕೊಳ್ಳಿ. ಮೆಣಸಿನಕಾಯಿ ಪ್ರಸ್ತಾಪ ಬಂದೇ ಬರುತ್ತದೆ. ಸುಗ್ಗಿಯಲ್ಲಿ ಬೆಲೆ ಕುಸಿದರೆ ರೈತ ಏನು ಮಾಡುತ್ತಾನೆ, ಶೀತಲಗೃಹದಲ್ಲಿಟ್ಟ ಚೀಲಗಳ ರಸೀದಿಯ ಮೇಲೆ ಬ್ಯಾಂಕು ಸಾಲ ಕೊಡಬಹುದೇ, ಕೊಟ್ಟರೆ ಬ್ಯಾಂಕಿಗೆ ಏನು ಅಪಾಯ. ರಾಮನಗರದವಳಾದರೆ ರೇಷ್ಮೆ, ಇಳಕಲ್ಲಿನವಳಾದರೆ ಸೀರೆ ನೇಯುವವರಿಗೆ ದುಡಿಯುವ ಬಂಡವಾಳ, ಶಿವಮೊಗ್ಗದ ಕಡೆಯವನಾದರೆ ಅಡಿಕೆ. ‘ನಿಮ್ಮ ಜಿಲ್ಲೆಯ ಲೀಡ್ ಬ್ಯಾಂಕ್ ಯಾವುದು?’ ಎಂಬುದು ಬಹಳ ಹಳೆಯ ಪ್ರಶ್ನೆ, ಈಗಲೂ ಕೇಳುತ್ತಾರೆ. ಸಹಕಾರ ಸಂಘದಲ್ಲಿ ಶೂನ್ಯ ಬಡ್ಡಿಗೆ ಬೆಳೆ ಸಾಲ ಸಿಗುವಾಗ ರೈತ ಬ್ಯಾಂಕಿಗೇಕೆ ಬರಬೇಕು ಎಂದು ಕೇಳಿದರೆ, ಪಟ್ಟಣದಲ್ಲಿ ಬೆಳೆದವನು ತಡವರಿಸುತ್ತಾನೆ. ಅಪ್ಪನೊಡನೆ ಸಂಘದ ಮುಂದೆ ಸರತಿಯಲ್ಲಿ ನಿಂತವನಿಗೆ ಹೇಳಲು ನಾಲ್ಕು ಮಾತಿರುತ್ತವೆ.

ಸಾಲದ ಕಂತು 90 ದಿನ ಮೀರಿ ಬಾಕಿ ಉಳಿದರೆ ಅದು ಅನುತ್ಪಾದಕ ಆಸ್ತಿ ಎಂಬುದನ್ನು ಎಲ್ಲರೂ ಓದಿರುತ್ತಾರೆ. ಅಲ್ಪಾವಧಿ ಬೆಳೆಯ ಸಾಲಕ್ಕೆ ಆ ಲೆಕ್ಕ ಬೇರೆ, ಅಲ್ಲಿ ಎರಡು ಹಂಗಾಮು ಕಾಯುತ್ತಾರೆ ಎಂಬುದು ಕೆಲವರಿಗೆ ಗೊತ್ತು. ಏಕೆ ಹಾಗೆ ಎಂದು ಹೇಳಬಲ್ಲವರು ಇನ್ನೂ ಕಡಿಮೆ. ರೈತನ ಕೈಗೆ ಹಣ ಬರುವುದು ತಿಂಗಳಿಗೊಮ್ಮೆ ಅಲ್ಲ, ಬೆಳೆ ಬಂದಾಗ. ಇಷ್ಟನ್ನು ಒಡಕು ಇಂಗ್ಲಿಷಿನಲ್ಲಿ ಹೇಳಿದರೂ ಕೇಳುವವರಿಗೆ ತಿಳಿಯುತ್ತದೆ. ಸಂದರ್ಶನ ನಡೆಯುವುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ. ವ್ಯಾಕರಣ ಒಂದೆರಡು ಕಡೆ ಜಾರಿದರೆ ಯಾರೂ ಹೊರಗೆ ಕಳಿಸುವುದಿಲ್ಲ. ಕಂಠಪಾಠ ಮಾಡಿದ ಪರಿಚಯ ಭಾಷಣ ಎರಡನೆಯ ವಾಕ್ಯಕ್ಕೇ ಗೊತ್ತಾಗಿಬಿಡುತ್ತದೆ. ಅದು ಮಾಡುವ ಕೆಡುಕು ಹೆಚ್ಚು.

ಎಂಜಿನಿಯರಿಂಗ್ ಓದಿದವರಿಗೆ ‘ನಿಮ್ಮ ಓದು ಬಿಟ್ಟು ಇಲ್ಲಿಗೇಕೆ ಬಂದಿರಿ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ‘ದೇಶ ಸೇವೆ’ ಎಂದು ಉತ್ತರಿಸುವವರಿದ್ದಾರೆ. ಕೇಳಿ ಕೇಳಿ ಮಂಡಳಿಯವರ ಕಿವಿ ತೂತಾಗಿದೆ. ಖಾಯಂ ನೌಕರಿ ಬೇಕು, ಜನರೊಡನೆ ಬೆರೆಯುವ ಕೆಲಸ ಇಷ್ಟ ಎಂದು ಇದ್ದದ್ದನ್ನು ಹೇಳಿದರೆ ಮರ್ಯಾದೆಗೇನೂ ಕುಂದಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನುವುದೂ ಹಾಗೆಯೇ. ಬೇರೆಯವರ ಹಣ ಎಣಿಸುವ ಕೆಲಸಕ್ಕೆ ಬರುವವನು ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಟಿಸುತ್ತಾನೋ ಎಂಬುದನ್ನೂ ಅಲ್ಲಿ ಗಮನಿಸುತ್ತಾರೆ. ಅಧಿಕಾರಿಯಾದವನಿಗೆ ವರ್ಗಾವಣೆ ದೇಶದ ಯಾವ ಮೂಲೆಗೂ ಆಗಬಹುದು. ‘ಅಸ್ಸಾಮಿಗೆ ಹಾಕಿದರೆ ಹೋಗುತ್ತೀರಾ?’ ಎಂಬ ಪ್ರಶ್ನೆಗೆ ಉತ್ತರ ಮನೆಯಲ್ಲೇ ತೀರ್ಮಾನವಾಗಿರಬೇಕು. ಕೋಣೆಯಲ್ಲಿ ಮಗಳು ‘ಹೋಗುತ್ತೇನೆ’ ಎಂದು, ಆದೇಶ ಬಂದ ದಿನ ತಾಯಿ ಅತ್ತು ಬಿಡಿಸಿದ ನೌಕರಿಗಳುಂಟು.

ಖಾಸಗಿ ಬ್ಯಾಂಕುಗಳ ಮಾತು ಬೇರೆ. ಅಲ್ಲಿ ಸಂದರ್ಶನ ಬೇಗ, ನೇಮಕವೂ ಬೇಗ. ಆದರೆ ಹುದ್ದೆಯ ಹೆಸರು ಎಷ್ಟೇ ದೊಡ್ಡದಿದ್ದರೂ ಕೆಲಸ ಕೌಂಟರಿನದೋ, ವಿಮೆ ಕಾರ್ಡುಗಳನ್ನು ಮಾರುವುದೋ, ತಿಂಗಳ ಗುರಿ ಎಷ್ಟು, ನೇಮಕ ಬ್ಯಾಂಕಿನದೋ ಮಧ್ಯದ ಕಂಪನಿಯದೋ ಎಂದು ಸಹಿ ಹಾಕುವ ಮೊದಲೇ ಕೇಳಬೇಕು. ಕೆಲವು ಬ್ಯಾಂಕುಗಳು ಶುಲ್ಕ ಪಡೆದು ತರಬೇತಿ ಕೊಟ್ಟು ನೇಮಿಸಿಕೊಳ್ಳುತ್ತವೆ. ಆ ಶುಲ್ಕಕ್ಕೆ ಮಾಡುವ ಸಾಲ, ಮಧ್ಯದಲ್ಲಿ ಬಿಟ್ಟರೆ ಏನು ಎಂಬ ಷರತ್ತು, ಎರಡನ್ನೂ ಓದಬೇಕಾದವರು ತಂದೆ ತಾಯಿಗಳು. ಇನ್ನು ‘ಬ್ಯಾಂಕಿನಲ್ಲಿ ಸೀಟಿದೆ, ಎರಡು ಲಕ್ಷ ಕೊಡಿ’ ಎನ್ನುವವನು ಶುದ್ಧ ಮೋಸಗಾರ. ಸಾರ್ವಜನಿಕ ಬ್ಯಾಂಕಿನ ನೇಮಕಾತಿಗೆ ಕಟ್ಟಬೇಕಾದದ್ದು ಅರ್ಜಿ ಶುಲ್ಕ ಒಂದೇ.

ಎಷ್ಟು ವರ್ಷ ಪ್ರಯತ್ನಿಸುವುದು? ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಇದು. ಇಪ್ಪತ್ತೆರಡಕ್ಕೆ ಓದಲು ಕೂತವನು ಇಪ್ಪತ್ತೆಂಟಾದಾಗ ಎದ್ದು ನೋಡಿದರೆ ಕೈಯಲ್ಲಿ ನೌಕರಿಯೂ ಇಲ್ಲ, ಬೇರೆ ಕೆಲಸದ ಅನುಭವವೂ ಇಲ್ಲ ಎಂಬ ಸ್ಥಿತಿ ಅಪರೂಪವಲ್ಲ. ಎರಡು ವರ್ಷ ಪೂರ್ತಿ ಓದು, ಆಮೇಲೆ ಸಿಕ್ಕಿದ ಕೆಲಸ ಮಾಡುತ್ತಲೇ ಪರೀಕ್ಷೆ ಎಂದು ಆರಂಭದಲ್ಲೇ ಮಾತಾಡಿಕೊಂಡರೆ ಹುಡುಗನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯುತ್ತದೆ. ಲೆಕ್ಕಪರಿಶೋಧಕರ ಕಚೇರಿಯಲ್ಲೋ ಸಹಕಾರ ಸಂಘದಲ್ಲೋ ಮಾಡಿದ ಒಂದು ವರ್ಷದ ಕೆಲಸ ಮುಂದೆ ಸಂದರ್ಶನದಲ್ಲಿ ಹೇಳಿಕೊಳ್ಳಲೂ ಒದಗುತ್ತದೆ.

ಎಲ್ಲ ಗೆದ್ದ ಮೇಲೆ ಕಾಗದಪತ್ರದಲ್ಲಿ ಸೋಲುವವರದು ಬೇರೆಯೇ ಗೋಳು. ನಮ್ಮ ಕಡೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಮುಂದೆ ಒಂದಕ್ಷರದ ಇನಿಷಿಯಲ್, ಆಧಾರ್‌ನಲ್ಲಿ ಅದೇ ಬಿಡಿಸಿ ಬರೆದ ಅಪ್ಪನ ಹೆಸರು. ಅರ್ಜಿಯಲ್ಲಿರುವ ಹೆಸರಿಗೂ ಗುರುತಿನ ಚೀಟಿಗೂ ತಾಳೆಯಾಗದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ತಕರಾರು ಏಳುತ್ತದೆ. ಶಿಕ್ಷಣ ಸಾಲದ ಕಂತನ್ನೋ ಮೊಬೈಲಿನ ಕಂತನ್ನೋ ಬಾಕಿ ಉಳಿಸಿಕೊಂಡವರಿಗೆ ಇನ್ನೊಂದು ತೊಡಕಿದೆ. ಸಾಲ ಮರುಪಾವತಿಯ ದಾಖಲೆ ಚೆನ್ನಾಗಿರಬೇಕೆಂಬ ಷರತ್ತನ್ನು ನೇಮಕಾತಿ ಪ್ರಕಟಣೆಗಳಲ್ಲಿ ಈಗ ಕಾಣಬಹುದು.

ಇನ್ನು ಜಾತಿ ಪ್ರಮಾಣಪತ್ರ. ರಾಜ್ಯದ 2ಎ, 3ಎ, 3ಬಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಬೇಕಾದದ್ದು ಕೇಂದ್ರ ಸರ್ಕಾರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂದು ನಮೂದಿಸಿದ ಪತ್ರ. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿಲ್ಲದ ಸಮುದಾಯಗಳೂ ಇವೆ. ಅಂಥವರು ಮೀಸಲಾತಿಯೆಂದು ಅರ್ಜಿ ತುಂಬಿ, ಮುಖ್ಯ ಪರೀಕ್ಷೆ ಗೆದ್ದು, ಕೊನೆಯ ಪರಿಶೀಲನೆಯ ಮೇಜಿನ ಮುಂದೆ ನಿಂತಾಗ ವಿಷಯ ತಿಳಿದರೆ ಆ ವರ್ಷವೇ ಹೋಯಿತು. ಅರ್ಜಿ ತುಂಬುವ ಮುನ್ನ ಕೇಂದ್ರದ ಪಟ್ಟಿ ನೋಡಿಕೊಂಡು, ನಾಡಕಚೇರಿಗೆ ಒಂದು ಬೆಳಿಗ್ಗೆ ಹೋಗಿ ಬರುವ ಕೆಲಸವನ್ನು ಅಪ್ಪನೇ ವಹಿಸಿಕೊಳ್ಳಬಹುದು. ಮಗಳು ಆ ಹೊತ್ತಿಗೆ ಇನ್ನೊಂದು ಅಣಕು ಪರೀಕ್ಷೆ ಮುಗಿಸಿರುತ್ತಾಳೆ.